ಬಾಯಮ್ಮನ ಹಸಿವು

ಅವರ ಮುಂಗೈಯ ನರಗಳು ಹುರಿ ಹಗ್ಗದಂತೆ ಚರ್ಮದ ಮೇಲೆ ಎದ್ದು ಕಾಣುತ್ತಿದ್ದವು. ಲಂಡನ್ನಿನ ಅಂಚಿನ ಫೆಲ್ಥಮ್‌ನ ಆ ಸಾಲುಮನೆಯ ಬಾಗಿಲಲ್ಲಿ ನಾನು ಇಳಿಸಿದ ಎರಡು ಸೂಟ್‌ಕೇಸುಗಳನ್ನು ಒಂದೊಂದು ಕೈಯಲ್ಲಿ ಎತ್ತಿಕೊಂಡು ಅವರು ಸರಸರ ಮೆಟ್ಟಿಲು ಹತ್ತಿದಾಗ, ಹಿಂದಿನಿಂದ ಹತ್ತುತ್ತಿದ್ದ ನನ್ನ ಕಣ್ಣು ಆ ಕೈಗಳ ಮೇಲೆಯೇ ಇತ್ತು. ಕುಸ್ತಿ ಆಡುವವರ ಕೈಯಂಥ ಕೈ. ಮೇಲೆ ಹೋಗಿ ಅವರು ತಿರುಗಿ ನೋಡಿದರೆ, ಕೆನ್ನೆಯೇ ಇಲ್ಲದ ಮುಖ. ಐವತ್ತು ದಾಟಿದ ಹೆಂಗಸು. ಮೂಳೆಯ ಕೆಳಗೆ ನೇರವಾಗಿ ಗುಳಿ, ಆ ಗುಳಿಯ ಮೇಲೆ ತುಂಬ ಚುರುಕಾದ, ತಮಾಷೆಯ ಎರಡು ಕಣ್ಣು.

"ಥ್ಯಾಂಕ್ಸ್ ಆಂಟಿ," ಅಂದೆ.

"ಆಂಟಿ ಬೇಡ ಮಾರಾಯ್ತಿ. ಈ ಬೀದಿಯಲ್ಲಿ ಎಲ್ಲರೂ ಆಂಟಿಗಳೇ. ಊರಲ್ಲಿ ನಮ್ಮನ್ನು ಬಾಯಮ್ಮ ಅಂತ ಕರೆಯುದು. ನೀನೂ ಹಾಗೇ ಕರಿ. ಆ ಶಬ್ದ ಕೇಳದೆ ಎಷ್ಟೋ ವರ್ಷ ಆಯ್ತು ನಂಗೆ."

ಕರಾವಳಿಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ಅಕ್ಕಪಕ್ಕದವರು ಹಾಗೆ ಕರೆಯುತ್ತಾರೆಂದು ಮೈಸೂರಿನವಳಾದ ನನಗೆ ಗೊತ್ತಿರಲಿಲ್ಲ. ಅವರು ಉಡುಪಿಯ ಕಡೆಯವರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಅಕ್ಸ್‌ಬ್ರಿಡ್ಜ್‌ನಲ್ಲಿ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಳು, ಅಲ್ಲೇ ಗೆಳತಿಯರ ಜೊತೆ ಫ್ಲ್ಯಾಟ್ ಮಾಡಿಕೊಂಡಿದ್ದಳು. ಖಾಲಿಯಾದ ಅವಳ ಕೋಣೆಗೆ ನಾನು ಬಾಡಿಗೆಗೆ ಬಂದಿದ್ದೆ. ಲಂಡನ್ನಿನ ಒಂದು ಆಸ್ಪತ್ರೆಗೆ ಸೇರಿದ ಸಂಶೋಧನಾ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತ್ತು. ನಮ್ಮ ಮೈಯ ಕೊಬ್ಬಿನ ಜೀವಕಣಗಳು ಕೊಬ್ಬನ್ನು ಹೇಗೆ ಕೂಡಿಟ್ಟುಕೊಳ್ಳುತ್ತವೆ, ಹೇಗೆ ಬಿಟ್ಟುಕೊಡುತ್ತವೆ, ಆ ವ್ಯವಸ್ಥೆ ಕೆಟ್ಟಾಗ ಸಕ್ಕರೆ ಕಾಯಿಲೆ ಹೇಗೆ ಬರುತ್ತದೆ ಎನ್ನುವುದು ಅಲ್ಲಿಯ ವಿಷಯ. ನಾನು ಡಾಕ್ಟರಲ್ಲ. ಗಾಜಿನ ತಟ್ಟೆಗಳಲ್ಲಿ ಕಣಗಳನ್ನು ಬೆಳೆಸುವವಳು. ರೋಗಿಗಳೆಂದರೆ ನನಗೆ ಸೀಸೆಯ ಮೇಲಿನ ಅಂಕಿಗಳು.

ಬಾಯಮ್ಮನ ಕೆಲಸ ವಿಮಾನ ನಿಲ್ದಾಣದ ಹತ್ತಿರ, ವಿಮಾನದೊಳಗೆ ಕೊಡುವ ಊಟ ತಯಾರಾಗುವ ದೊಡ್ಡ ಅಡುಗೆಮನೆಯಲ್ಲಿ. ಬೆಳಗಿನ ಪಾಳಿ. ಟ್ರೇಯಲ್ಲಿ ಅನ್ನ, ಪಲ್ಯ, ಬನ್ನು, ಬೆಣ್ಣೆ, ಸಿಹಿ ಎಲ್ಲವನ್ನೂ ಅದರದರ ಜಾಗದಲ್ಲಿ ಇಟ್ಟು ಮುಂದಕ್ಕೆ ತಳ್ಳಬೇಕು. ಸಂಜೆ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ವಿಮಾನ ಹೋದರೆ ನಮ್ಮ ಮಾತು ನಿಲ್ಲುತ್ತಿತ್ತು. ಸದ್ದು ಮುಗಿದ ಮೇಲೆ ಅವರು ಆಕಾಶ ನೋಡಿ, "ಹೋಯ್ತು ನೋಡು ನನ್ನ ಊಟ, ದುಬೈಗೆ," ಅನ್ನುತ್ತಿದ್ದರು. ಎಲ್ಲ ವಿಮಾನವೂ ಅವರ ಪಾಲಿಗೆ ದುಬೈಗೇ ಹೋಗುತ್ತಿತ್ತು.

ಅವರು ನಿಜವಾಗಿ ಊಟ ಮಾಡುವುದನ್ನು ನಾನು ನೋಡಿದ್ದು ಬಂದು ತಿಂಗಳಾದ ಮೇಲೆ. ಅಲ್ಲಿಯವರೆಗೆ ನನ್ನ ಜೊತೆ ಕೂತಾಗ ನನ್ನಷ್ಟೇ ಬಡಿಸಿಕೊಂಡು, ನನ್ನ ಜೊತೆಗೇ ಎದ್ದು ಕೈ ತೊಳೆಯುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ಮರೆತ ಛತ್ರಿಗೆಂದು ವಾಪಸ್ಸು ಬಂದಾಗ ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿ, ನಿಂತುಕೊಂಡೇ ಉಣ್ಣುತ್ತಿದ್ದರು. ಸ್ವಲ್ಪ ಮುಂಚೆ ನನ್ನ ಜೊತೆ ಉಂಡಿದ್ದವರು. ಕುಚ್ಚಲಕ್ಕಿ ಅನ್ನದ ಪಾತ್ರೆಯೇ ಎದುರಿಗಿತ್ತು, ಮೀನು ಸಾರನ್ನು ಅದಕ್ಕೇ ಸುರಿದುಕೊಂಡಿದ್ದರು. ರುಚಿ ನೋಡುತ್ತ ತಿನ್ನುವ ರೀತಿಯಲ್ಲ ಅದು. ಬೇಗ ಬೇಗ, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ. ನನ್ನನ್ನು ನೋಡಿ ಕೈ ನಿಲ್ಲಿಸಿದರು. ಆಮೇಲೆ ನಕ್ಕರು.

"ಹೆದರಿದೆಯಾ? ನಾನು ಹೊಟ್ಟೆಬಾಕಿ ಮಾರಾಯ್ತಿ. ಸಣ್ಣದಿರುವಾಗಿಂದ ಹಾಗೆಯೇ. ಅಮ್ಮ ತೆಂಗಿನಕಾಯಿಯ ಕೋಣೆಗೆ ಬೀಗ ಹಾಕ್ತಿದ್ರು, ನನ್ನಿಂದಾಗಿ."

"ಆದ್ರೂ ಎಷ್ಟು ಸಣ್ಣಗಿದ್ದೀರಲ್ಲ ಬಾಯಮ್ಮ."

"ಅದೇ. ಚರ್ಚಿನಲ್ಲಿ ಎಲ್ಲರಿಗೂ ಹೊಟ್ಟೆಕಿಚ್ಚು. ಎಂತ ಡಯಟ್ ಅಂತ ಕೇಳ್ತಾರೆ." ಪಾತ್ರೆಯ ಮೇಲೆ ಮುಚ್ಚಳ ಇಟ್ಟರು. "ಅವರಿಗೆ ಗೊತ್ತಿಲ್ಲ. ತಿಂಗಳು ತಿಂಗಳು ಪಾದ್ರಿಗಳ ಹತ್ತಿರ ಪಾಪ ಹೇಳ್ಲಿಕ್ಕೆ ಹೋದಾಗ ನಾನು ಮೊದಲು ಹೇಳುದು ಇದೇ. ಅತಿಯಾಗಿ ತಿಂದೆ. ಹನ್ನೊಂದು ವರ್ಷದವಳು ಇರುವಾಗ ಶುರು ಮಾಡಿದ್ದು, ಇನ್ನೂ ಮುಗಿಲಿಲ್ಲ."

ಅದನ್ನು ಅವರು ನಗುನಗುತ್ತಲೇ ಹೇಳಿದರು.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ದಿನಕ್ಕೆ ಚುಚ್ಚಿಕೊಳ್ಳುವ ಇನ್ಸುಲಿನ್ ಎಷ್ಟೆಂದು ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ತುಂಬ ದಪ್ಪಗಿರುವವರಿಗೂ ಅಷ್ಟು ಬೇಕಾಗುವುದಿಲ್ಲ. ಬಡಾವಣೆಯ ಡಾಕ್ಟರು, ಅಂದರೆ ಜಿಪಿ, ಪ್ರತಿ ಸಲವೂ ಊಟ ಕಡಿಮೆ ಮಾಡಿ ಎನ್ನುತ್ತಿದ್ದರಂತೆ. ಇವರು ಹೂಂ ಎಂದು ತಲೆಯಾಡಿಸಿ ಬರುತ್ತಿದ್ದರಂತೆ.

ಮುಂದಿನ ಜನವರಿಯಲ್ಲಿ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವರು ಹೊಟ್ಟೆ ಹಿಡಿದುಕೊಂಡು ಸೋಫಾದ ಪಕ್ಕ ನೆಲದ ಮೇಲೆ ಕುಸಿದರು. ನೋವು ಬೆನ್ನಿಗೆ ಹೊಡೆಯುತ್ತಿತ್ತು. ಆಂಬುಲೆನ್ಸಿನಲ್ಲಿ ನಾನೇ ಜೊತೆಗೆ ಹೋದೆ. ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು. ಅಲ್ಲಿದ್ದ ಹರೆಯದ ಡಾಕ್ಟರಿಗೆ ಆ ಕಾಯಿಲೆ ಎಂದರೆ ಹೆಚ್ಚಾಗಿ ಕುಡಿತದಿಂದ ಬರುವುದು.

"ವಾರಕ್ಕೆ ಎಷ್ಟು ಕುಡಿಯುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಕುಡಿಯುವುದಿಲ್ಲ," ಎಂದರು ಇವರೂ ಇಂಗ್ಲಿಷಿನಲ್ಲಿ.

ಆತ ಸೌಮ್ಯವಾಗಿಯೇ ಮತ್ತೆ ಕೇಳಿದ. ಆಮೇಲೆ, ಮುಜುಗರ ಬೇಡ, ನಮಗೆ ನಿಜ ತಿಳಿದರೆ ಒಳ್ಳೆಯದು ಎಂದ. ನೋವಿನಲ್ಲಿ ಬೆವರುತ್ತಿದ್ದ ಬಾಯಮ್ಮ ನನ್ನ ಕಡೆ ತಿರುಗಿದರು. "ಇಷ್ಟು ದಿನ ಹೊಟ್ಟೆಬಾಕಿ. ಇವತ್ತಿಂದ ಕುಡುಕಿ. ಸುಳ್ಳು ಹೇಳುವವಳು ಬೇರೆ. ಹೇಳು ಅವನಿಗೆ, ನಾನು ಚರ್ಚಿನಲ್ಲಿ ಕೊಡುವ ಕಮ್ಯೂನಿಯನ್‌ನ ವೈನ್ ಕೂಡ ಮುಟ್ಟುದಿಲ್ಲ."

ಅಷ್ಟರಲ್ಲಿ ನರ್ಸ್ ರಕ್ತ ತೆಗೆದು ಸೀಸೆಯನ್ನು ಟ್ರೇಯಲ್ಲಿಟ್ಟರು. ನೋಡ ನೋಡುತ್ತ ಅದು ರಕ್ತದ ಬಣ್ಣ ಕಳೆದುಕೊಂಡು, ಗುಲಾಬಿ ಬಣ್ಣದ ಹಾಲಿನಂತೆ ಮಂಕಾಗತೊಡಗಿತು. ನರ್ಸ್ ಅದನ್ನು ಬೆಳಕಿಗೆ ಹಿಡಿದು ಡಾಕ್ಟರಿಗೆ ತೋರಿಸಿದರು. ರಕ್ತದಲ್ಲಿ ಅಷ್ಟು ಕೊಬ್ಬು ತೇಲುತ್ತಿತ್ತು. ಇಷ್ಟು ಕೊಬ್ಬು ರಕ್ತದಲ್ಲಿ, ಮೈಯಲ್ಲಿ ಮಾತ್ರ ಚೂರೂ ಇಲ್ಲ. ನಾನು ದಿನವೂ ಗಾಜಿನ ತಟ್ಟೆಯಲ್ಲಿ ನೋಡುತ್ತಿದ್ದ ಸಂಗತಿ ಆಗ ನನಗೆ ಹೊಳೆಯಿತು. ಕೊಬ್ಬಿಗೆ ಇರಲು ಒಂದು ಮನೆ ಬೇಕು. ಆ ಮನೆಯೇ ಇಲ್ಲದಿದ್ದರೆ ಅದು ರಕ್ತದಲ್ಲಿ ಅಲೆಯುತ್ತದೆ, ಲಿವರಿಗೆ ನುಗ್ಗುತ್ತದೆ, ಸೇರಬಾರದ ಕಡೆಯೆಲ್ಲ ಸೇರುತ್ತದೆ. ಈ ಹೆಂಗಸಿನ ಮೈಯಲ್ಲಿ ಕೊಬ್ಬಿನ ಕಣಗಳೇ ಇಲ್ಲವೇನೋ.

ಮನೆಗೆ ಬಂದು ಚೇತರಿಸಿಕೊಂಡ ಮೇಲೆ ನಿಧಾನವಾಗಿ ಕೇಳಿದೆ, "ಚಿಕ್ಕವರಿದ್ದಾಗಲೂ ಹೀಗೇ ಸಣ್ಣಗಿದ್ರಾ?"

ಅವರು ಗೋಡೆಯಿಂದ ಒಂದು ಫೋಟೋ ತೆಗೆದು ತೋರಿಸಿದರು. ಬಿಳಿಯ ಫ್ರಾಕು, ತಲೆಯ ಮೇಲೆ ಹೂವಿನ ಕಿರೀಟ, ಚರ್ಚಿನಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಂಡ ದಿನ, ಮೊದಲ ಕಮ್ಯೂನಿಯನ್. ದುಂಡಗಿನ ಕೆನ್ನೆಯ, ಮೊಣಕೈಯಲ್ಲಿ ಗುಳಿ ಬೀಳುವ ಹುಡುಗಿ. "ಇದು ನಾನೇ. ಮತ್ತೆ ಹತ್ತು ವರ್ಷ ಆಗುವಾಗ ಒಂದು ಜ್ವರ ಬಂತು. ಕೈಕಾಲಿನಲ್ಲೆಲ್ಲ ಗಂಟು ಗಂಟು, ಮುಟ್ಟಿದ್ರೆ ನೋವು. ಜ್ವರ ಬಿಟ್ಟ ಮೇಲೆ ಒಂದು ವರ್ಷದೊಳಗೆ ಮೈಯೆಲ್ಲ ಇಳಿದು ಹೋಯ್ತು. ಹಸಿವು ಶುರುವಾದದ್ದೂ ಅದೇ ಸಮಯದಲ್ಲಿ."

ನಮ್ಮ ವಿಭಾಗದ ಮುಖ್ಯಸ್ಥೆ ಸ್ವತಃ ವೈದ್ಯೆ. ವಾರದಲ್ಲಿ ಒಂದು ದಿನ ರೋಗಿಗಳನ್ನು ನೋಡುತ್ತಿದ್ದರು. ಹೆಸರು ಹೇಳದೆ ಅವರಿಗೆ ವಿವರಿಸಿದೆ. ಅವರು ಕುರ್ಚಿಯಿಂದ ಅರ್ಧ ಎದ್ದರು. ಬಹಳ ಅಪರೂಪದ ಕಾಯಿಲೆ ಇರಬಹುದು, ಜಿಪಿಯಿಂದ ಪತ್ರ ತರಿಸಿ ಕೂಡಲೇ ಕರೆದುಕೊಂಡು ಬಾ ಎಂದರು.

ನಾನು ಖುಷಿಯಿಂದ ಮನೆಗೆ ಬಂದು ಹೇಳಿದರೆ ಬಾಯಮ್ಮನ ಮುಖ ಕಪ್ಪಿಟ್ಟಿತು.

"ಅಂದ್ರೆ ನೀನು ಇಷ್ಟು ದಿನ ನನ್ನನ್ನು ನೋಡ್ತಾ ಇದ್ದದ್ದು ಇದಕ್ಕಾ?"

"ಹಾಗಲ್ಲ ಬಾಯಮ್ಮ..."

"ಸಣ್ಣದಿರುವಾಗ ಎಲ್ಲರೂ ನನ್ನ ಬಟ್ಟಲು ನೋಡಿದ್ರು. ಮದುವೆಯಾದ ಮೇಲೆ ಗಂಡನ ಮನೆಯವರು ನೋಡಿದ್ರು. ಈಗ ನೀನು ನನ್ನ ಮೈ ನೋಡುದಾ? ನಾನು ನಿನ್ನ ಲ್ಯಾಬಿನ ಇಲಿ ಅಲ್ಲ. ಬಾಡಿಗೆಗೆ ಬಂದವಳು ಬಾಡಿಗೆಗೆ ಬಂದ ಹಾಗೆ ಇರು."

ಆಮೇಲೆ ಸುಮಾರು ದಿನ ಮಾತಿಲ್ಲ. ಆದರೂ ನಾನು ಕೆಲಸದಿಂದ ಬರುವಷ್ಟರಲ್ಲಿ ಮೇಜಿನ ಮೇಲೆ ನನ್ನ ಪಾಲಿನ ಊಟ ಮುಚ್ಚಿಟ್ಟಿರುತ್ತಿತ್ತು. ನಾನು ಉಂಡು, ತಟ್ಟೆ ತೊಳೆದು ಇಡುತ್ತಿದ್ದೆ.

ಬಿಗಿ ಸಡಿಲವಾದದ್ದು ಮಗಳಿಂದ. ಅವಳು ಮೈಕೈ ತುಂಬಿಕೊಂಡ, ನಗುಮುಖದ ಹುಡುಗಿ. ಯಾವಾಗಲೂ ಒಂದಲ್ಲ ಒಂದು ಡಯಟ್ಟಿನಲ್ಲಿರುತ್ತಿದ್ದಳು. ನಮ್ಮ ಮಾತು ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಾಯಿ ಅವಳ ತಟ್ಟೆಗೆ ಇಡ್ಲಿಯಂಥ ಇನ್ನೊಂದು ಸನ್ನಾ ಹಾಕಲು ಬಂದರೆ, "ಮಮ್, ನೋ, ಪ್ಲೀಸ್," ಎಂದು ಕೈ ಅಡ್ಡ ಹಿಡಿಯುತ್ತಿದ್ದಳು. "ಅವಳ ಕೆನ್ನೆ ನೋಡಿದ್ರೆ ನಂಗೆ ಅರ್ಧ ಹೊಟ್ಟೆ ತುಂಬಿದ ಹಾಗೆ ಆಗ್ತದೆ," ಎಂದು ಬಾಯಮ್ಮ ನನಗೆ ಒಮ್ಮೆ ಹೇಳಿದ್ದರು. ಆ ವರ್ಷ ಅವಳು ಹಟ ಹಿಡಿದು ತೂಕ ಇಳಿಸಿದಳು. ಈಸ್ಟರಿಗೆ ಬಂದಾಗ ಅವಳ ಕೆನ್ನೆ ಸ್ವಲ್ಪ ಒಳಗೆ ಹೋಗಿತ್ತು. ತಾಯಿ ಬಾಗಿಲಲ್ಲೇ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತ ನಿಂತುಬಿಟ್ಟರು.

ಅವಳು ಹೋದ ಮೇಲೆ ನನ್ನ ಕೋಣೆಯ ಬಾಗಿಲು ತಟ್ಟಿದರು. "ಇದು ಮಕ್ಕಳಿಗೆ ಬರ್ತದಾ?"

"ಬರೋ ಥರದ್ದೂ ಇದೆ, ಬರದೇ ಇರೋದೂ ಇದೆ. ನಿಮ್ಮದು ಯಾವುದು ಅಂತ ನೋಡಿದ್ರೇ ಗೊತ್ತಾಗೋದು."

"ಹಾಗಾದ್ರೆ ಹೋಗುವ," ಅಂದರು.

ಕ್ಲಿನಿಕ್ಕಿಗೆ ಮೂವರೂ ಹೋದೆವು. ರಕ್ತ, ಸ್ಕ್ಯಾನು, ಚರ್ಮ ಹಿಡಿದೆಳೆದು ನೋಡುವುದು ಎಲ್ಲ ಮುಗಿದು ಇನ್ನೊಮ್ಮೆ ಹೋದಾಗ ವೈದ್ಯೆ ತಮ್ಮ ಕುರ್ಚಿಯನ್ನು ಬಾಯಮ್ಮನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಮೊದಲು ಮಗಳ ವಿಷಯ ಹೇಳಿದರು. ಇದು ಹುಟ್ಟಿನಿಂದ ಬಂದದ್ದಲ್ಲ, ಆ ಜ್ವರದ ಕಾಲದಲ್ಲಿ ಅವರ ದೇಹವೇ ತನ್ನ ಕೊಬ್ಬಿನ ಕಣಗಳನ್ನು ಶತ್ರುವೆಂದು ತಿಳಿದು ನಾಶ ಮಾಡಿದೆ, ಮಗಳಿಗೆ ಬರುವುದಿಲ್ಲ. ಬಾಯಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಏಳಲು ಹೊರಟರು. ಅವರ ಮಟ್ಟಿಗೆ ಬಂದ ಕೆಲಸ ಆಗಿತ್ತು.

ವೈದ್ಯೆ ಕೂರಿಸಿದರು. ಇನ್ನೊಂದು ವಿಷಯ ಇದೆ ಎಂದರು. ಕೊಬ್ಬು ಸುಮ್ಮನೆ ಬಿದ್ದಿರುವ ಸಾಮಾನಲ್ಲ, ಅದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಸಂಗ್ರಹ ಇದೆ, ಇನ್ನು ಸಾಕು ಎಂದು ಹೇಳುವ ಒಂದು ಹಾರ್ಮೋನು ಅಲ್ಲಿಂದಲೇ ಹೊರಡುತ್ತದೆ. ನಿಮ್ಮಲ್ಲಿ ಕೊಬ್ಬೇ ಇಲ್ಲದ್ದರಿಂದ ಆ ಸುದ್ದಿ ಹೋಗುವುದೇ ಇಲ್ಲ. ಎಷ್ಟು ಉಂಡರೂ ನಿಮ್ಮ ಮೆದುಳಿನ ಲೆಕ್ಕದಲ್ಲಿ ನೀವು ಉಪವಾಸವಿದ್ದೀರಿ.

ದಿನವೆಲ್ಲ ಇಂಗ್ಲಿಷಿನಲ್ಲಿ ಕೆಲಸ ಮಾಡುವ ಬಾಯಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಎಂತ ಹೇಳಿದ್ರು ಅವರು?"

ಹೇಳಿದೆ.

"ಹಾಗಾದ್ರೆ ನಂಗೆ ಹಸಿವಾಗ್ತಿದ್ದದ್ದು ನಿಜವಾ?"

"ನಿಜ, ಬಾಯಮ್ಮ."

"ನೀನಲ್ಲ. ಅವರ ಹತ್ತಿರ ಕೇಳು."

ನಾನು ಕೇಳಿದೆ. ವೈದ್ಯೆ ಅವರ ಕಣ್ಣನ್ನೇ ನೋಡುತ್ತ, ನಿಮ್ಮ ಹಸಿವು ನೂರಕ್ಕೆ ನೂರು ನಿಜವಾದದ್ದು, ಉಪವಾಸ ಬಿದ್ದವರ ಹಸಿವಿಗೂ ಅದಕ್ಕೂ ವ್ಯತ್ಯಾಸವಿಲ್ಲ ಎಂದರು. ಬಾಯಮ್ಮ ಅಳಲಿಲ್ಲ. ಅತ್ತದ್ದು ಮಗಳು. "ಓ ಮಮ್," ಎನ್ನುತ್ತ ತಾಯಿಯ ತೋಳು ಹಿಡಿದುಕೊಂಡಳು. ಬಾಯಮ್ಮ ಮಗಳ ಬೆನ್ನು ಸವರುತ್ತ ಕಿಟಕಿಯ ಕಡೆ ನೋಡುತ್ತಿದ್ದರು. ಹೊರಗೆ ಬಂದು ರೈಲಿನಲ್ಲಿ ಕೂತ ಮೇಲೆ ಅಂದರು, "ಅಮ್ಮ ಇದ್ದಿದ್ರೆ ಹೇಳ್ಬಹುದಿತ್ತು."

ಆ ಹಾರ್ಮೋನನ್ನೇ ಔಷಧಿಯಾಗಿ ದಿನವೂ ಚುಚ್ಚಿಕೊಳ್ಳುವ ಚಿಕಿತ್ಸೆ ಇದೆ. ಸರ್ಕಾರಿ ಆರೋಗ್ಯ ಸೇವೆಯಿಂದ ಒಪ್ಪಿಗೆ ಸಿಗಲು ಸ್ವಲ್ಪ ಕಾಲ ಹಿಡಿಯಿತು. ಶುರುವಾದ ಮೇಲೆ ಮೊದಲ ಕೆಲವು ವಾರ ಏನೂ ಬದಲಾದಂತೆ ಕಾಣಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಈಗ ಅವರು ನನ್ನ ಎದುರಿಗೇ ಬೇಕಾದಷ್ಟು ಉಣ್ಣುತ್ತಿದ್ದರು, ನಿಂತುಕೊಂಡಲ್ಲ. ಎರಡನೆಯ ಸಲ ಬಡಿಸಿಕೊಂಡ ಅನ್ನದಲ್ಲಿ ಅರ್ಧ ಉಂಡು ಕೈ ನಿಲ್ಲಿಸಿದರು. ತಟ್ಟೆಯನ್ನೇ ನೋಡುತ್ತ ಕೂತರು.

"ಏನಾಯ್ತು? ನೋವಾ?" ಮತ್ತೆ ಆಸ್ಪತ್ರೆಗೆ ಓಡಬೇಕೇನೋ ಎಂದು ನನಗೆ ಗಾಬರಿ.

"ನೋವಲ್ಲ. ಎಂತ ಅಂತ ಗೊತ್ತಾಗುದಿಲ್ಲ. ಅನ್ನ ಉಂಟು, ಮೀನೂ ಉಂಟು. ಆದ್ರೆ ಕೈ ಹೋಗುದಿಲ್ಲ." ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು. "ಸಾಕು ಅಂದ್ರೆ ಹೀಗಿರ್ತದಾ?"

"ಹೌದು, ಹೀಗೇ ಇರುತ್ತೆ."

"ನಿಮಗೆಲ್ಲ ದಿನಾ ಹೀಗೆ ಆಗ್ತದಾ?"

ಆಗುತ್ತದೆ ಎಂದೆ. ಅವರು ಉಳಿದ ಅನ್ನಕ್ಕೆ ಮುಚ್ಚಳ ಮುಚ್ಚಲಿಲ್ಲ, ಎತ್ತಿಯೂ ಇಡಲಿಲ್ಲ. ಸಂಜೆಯವರೆಗೂ ಆ ತಟ್ಟೆ ಮೇಜಿನ ಮೇಲೇ ಇತ್ತು. ಆಗಾಗ ಬಂದು ಅದನ್ನು ನೋಡಿ ಹೋಗುತ್ತಿದ್ದರು.

ಇನ್ಸುಲಿನ್ ಕಡಿಮೆಯಾಗುತ್ತ ಬಂತು. ರಕ್ತ ರಕ್ತದ ಬಣ್ಣಕ್ಕೆ ತಿರುಗಿತು. ಕೆನ್ನೆ ಮಾತ್ರ ಹಾಗೇ ಇತ್ತು, ಹೋದ ಕಣಗಳು ವಾಪಸ್ಸು ಬರುವುದಿಲ್ಲ. ಅವರಿಗೆ ಅದರ ಬಗ್ಗೆ ಬೇಸರವಿದ್ದಂತೆ ಕಾಣಲಿಲ್ಲ. ಅವರನ್ನು ಕಾಡಿದ್ದು ಬೇರೆ ವಿಷಯ. ಒಂದು ಶನಿವಾರ ಚರ್ಚಿಗೆ ಹೋಗಿ ಪಾದ್ರಿಗಳ ಜೊತೆ ಜಗಳ ಮಾಡಿಕೊಂಡೇ ಬಂದರು.

"ನಾನು ಕೇಳಿದೆ, ಫಾದರ್, ಇಷ್ಟು ವರ್ಷ ನಾನು ಪಾಪ ಅಂತ ಹೇಳಿದ್ದು ಪಾಪವೇ ಅಲ್ಲ. ಅದಕ್ಕೆ ಪ್ರಾಯಶ್ಚಿತ್ತ ಅಂತ ಹೇಳಿದ ಪ್ರಾರ್ಥನೆ ಎಲ್ಲ ಎಂತ ಆಯ್ತು? ದಂಡವಾ?"

"ಅದಕ್ಕೆ ಏನಂದ್ರು?"

"ಪಾಪ, ಅವರಿಗೂ ಗೊತ್ತಾಗ್ಲಿಲ್ಲ. ಮೊದಲು, ದೇವರಿಗೆ ಗೊತ್ತಿರ್ತದೆ ಅಂದ್ರು. ದೇವರಿಗೆ ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ ಅಂತ ಕೇಳಿದೆ. ಮತ್ತೆ ತುಂಬ ಯೋಚನೆ ಮಾಡಿ, ಪ್ರಾರ್ಥನೆ ಯಾವುದೂ ದಂಡ ಆಗುದಿಲ್ಲ, ಬೇಕಾದವರ ಹೆಸರಿಗೆ ಕೊಡು ಅಂದ್ರು." ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. "ಅಮ್ಮನ ಹೆಸರಿಗೆ ಕೊಟ್ಟೆ. ಬೀಗ ಹಾಕಿದ್ದಕ್ಕೆ ಅವರೂ ಬೇಜಾರು ಮಾಡಿಕೊಂಡಿರ್ತಾರೆ. ಬೀಗ ಹಾಕಿ ಆದ ಮೇಲೆ ಅಡುಗೆಮನೆಯಲ್ಲಿ ಕೂತು ಅಳ್ತಿದ್ರು. ನಾನು ನೋಡಿದ್ದೆ."

ಯಾರೂ ಕೇಳದೆಯೇ ಅವರು ಸಂಶೋಧನೆಗೆಂದು ನಮ್ಮ ವಿಭಾಗಕ್ಕೆ ಬರಲು ಮುಂದಾದರು. ಗಂಟೆಗಟ್ಟಲೆ ಮಲಗಿಸಿ ರಕ್ತ ತೆಗೆಯುವುದು, ಲಿವರಿನ ಸ್ಕ್ಯಾನು, ಎಲ್ಲಕ್ಕೂ. "ಇಲಿ ಬಂತು," ಎಂದು ಬಾಗಿಲಲ್ಲೇ ಘೋಷಿಸುತ್ತಿದ್ದರು. ಒಂದು ದಿನ ನನ್ನ ಕೆಲಸದ ಜಾಗ ನೋಡಬೇಕೆಂದರು. ಮೈಕ್ರೋಸ್ಕೋಪಿನ ಕೆಳಗೆ ಒಂದು ತಟ್ಟೆ ಇಟ್ಟುಕೊಟ್ಟೆ. ಕೊಬ್ಬು ತುಂಬಿದ ಕಣಗಳು ಬೆಳಕಿನಲ್ಲಿ ಎಣ್ಣೆಯ ಹನಿಗಳಂತೆ ಹೊಳೆಯುತ್ತವೆ, ಒಂದಕ್ಕೊಂದು ಒತ್ತಿಕೊಂಡು. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಇದಾ? ಇಷ್ಟು ಚೆಂದ ಉಂಟಲ್ಲ!" ತಲೆಯೆತ್ತದೆಯೇ ಹೇಳಿದರು. "ಈ ಊರಿನಲ್ಲಿ ಎಲ್ಲರೂ ಇದನ್ನು ಕರಗಿಸ್ಲಿಕ್ಕೆ ಓಡುದು. ನನ್ನ ಮಗಳಿಗೊಮ್ಮೆ ತೋರಿಸ್ಬೇಕು ಮಾರಾಯ್ತಿ, ಅವಳ ಮೈಯಲ್ಲಿ ಎಂತ ಉಂಟು ಅಂತ."

ಅಲ್ಲಿಯವರೆಗೆ ನಾನೂ ಎಲ್ಲರ ಹಾಗೆ ಕೊಬ್ಬನ್ನು ರೋಗದ ಮೂಲ ಎಂದೇ ಬರೆಯುತ್ತಿದ್ದೆ, ಮಾತಾಡುತ್ತಿದ್ದೆ. ಅತಿಯಾದರೆ ಹೇಗೋ, ಇಲ್ಲವಾದರೂ ಹಾಗೆಯೇ, ಅದೇ ಕಾಯಿಲೆ, ಅದೇ ಲಿವರು. ಆ ಸಂಗತಿ ಪುಸ್ತಕದಲ್ಲಿ ಓದಿ ನನಗೆ ಗೊತ್ತಿತ್ತು. ಗೊತ್ತಿರುವುದಕ್ಕೂ, ಒಬ್ಬರ ಮನೆಯಲ್ಲಿ ವರ್ಷಗಟ್ಟಲೆ ಉಂಡು ಕಲಿಯುವುದಕ್ಕೂ ಇರುವ ಅಂತರ ಬಾಯಮ್ಮನಿಂದ ತಿಳಿಯಿತು. ಆಮೇಲೆ ನಾನು ಬೇರೆ ಮನೆ ಮಾಡಿದೆ, ಮದುವೆಯಾದೆ, ಆದರೂ ನನ್ನ ಹೆಚ್ಚಿನ ಭಾನುವಾರಗಳು ಫೆಲ್ಥಮ್‌ನಲ್ಲೇ ಕಳೆದವು. ಯಾರಾದರೂ ದಪ್ಪಗಿನವರನ್ನು ಕಂಡು "ಬಾಯಿಗೆ ಬೀಗ ಹಾಕಬೇಕು" ಎಂದರೆ ನನಗೆ ಈಗಲೂ ಸುಮ್ಮನಿರಲು ಆಗುವುದಿಲ್ಲ.

ಔಷಧಿ ಬಂದದ್ದು ತಡವಾಗಿ. ಲಿವರು ಅಷ್ಟರಲ್ಲೇ ಗಟ್ಟಿಯಾಗಿಬಿಟ್ಟಿತ್ತು. ಕೆಲವು ವರ್ಷ ಚೆನ್ನಾಗಿದ್ದರು. ಕೆಲಸ ಬಿಟ್ಟರು, ಊರಿಗೆ ಹೋಗಿ ಬಂದರು, ಮಗಳ ಮದುವೆ ಮಾಡಿದರು. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಬೇರೆ ಲಿವರು ಹಾಕುವ ಮಾತೂ ನಡೆಯಿತು, ಆದರೆ ಹೃದಯ ಆ ಶಸ್ತ್ರಚಿಕಿತ್ಸೆಯನ್ನು ತಾಳುವ ಸ್ಥಿತಿಯಲ್ಲಿರಲಿಲ್ಲ.

ಕೊನೆಯ ಬಾರಿ ಆಸ್ಪತ್ರೆಯಲ್ಲಿದ್ದಾಗ ನಮ್ಮ ವೈದ್ಯೆಯನ್ನು ಅವರೇ ಕರೆಸಿದರು. ತಾನು ಹೋದ ಮೇಲೆ ಲಿವರು, ಮತ್ತೇನು ಬೇಕೋ ಅದು, ತೆಗೆದುಕೊಳ್ಳಿ ಎಂದರು. ಮಗಳು ಎದ್ದು ನಿಂತಳು.

"ನೋ, ಮಮ್. ದೇ ಹ್ಯಾವ್ ಟೇಕನ್ ಇನಫ್."

"ಕೂತ್ಕೋ ಮಗಾ," ಎಂದರು ಬಾಯಮ್ಮ. ಅವಳೊಡನೆ ಯಾವಾಗಲೂ ಕೊಂಕಣಿಯಲ್ಲಿ ಮಾತಾಡುವವರು ಆ ದಿನ ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲೇ ಹೇಳಿದರು. "ನಂಗೆ ಗೊತ್ತಾಗುವಾಗ ಅರ್ಧ ಆಯುಷ್ಯ ಮುಗಿದಿತ್ತು. ಎಲ್ಲೋ ಇನ್ನೊಂದು ಹುಡುಗಿ ಇರ್ತಾಳೆ. ಅವಳಿಗೆ ಬೇಗ ಗೊತ್ತಾಗ್ಲಿ. ಮಣ್ಣಿನಡಿಯಲ್ಲಿ ನಂಗೆ ಲಿವರ್ ಎಂತಕ್ಕೆ?"

ಮಗಳು ಕೂತಳು. ಆಮೇಲೆ ತಾಯಿಯ ದಿಂಬನ್ನು ಸರಿ ಮಾಡಿ, ಒಪ್ಪಿಗೆಯ ಕಾಗದ ತರಲು ವೈದ್ಯೆಗೆ ತಾನೇ ಹೇಳಿದಳು. ಅದಾಗಿ ಒಂದು ವಾರಕ್ಕೆ, ಒಂದು ಬೆಳಿಗ್ಗೆ, ಬಾಯಮ್ಮ ತೀರಿಕೊಂಡರು. ಮಗಳ ಫೋನು ಬಂದಾಗ ನಾನು ರೈಲಿನಲ್ಲಿದ್ದೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬೆಂಚಿನ ಮೇಲೆ ಕೂತು ಅತ್ತೆ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಮುದುಕ ಏನೂ ಕೇಳದೆ, ನನ್ನ ರೈಲು ಬರುವವರೆಗೂ ಹಾಗೇ ಕೂತಿದ್ದ.

ಅವರ ಲಿವರಿನ ತುಣುಕು ನಮಗೆ ಬಂದು ತಲುಪಿದ್ದು ಹೆಸರಿಲ್ಲದ ಡಬ್ಬಿಯಲ್ಲಿ, ಮೇಲೆ ಒಂದು ಸಂಖ್ಯೆ. ನಿಯಮ ಹಾಗೆ. ಈ ಬರಹದಲ್ಲೂ ನಾನು ಅವರ ಹೆಸರು ಹೇಳಿಲ್ಲ. ಅಂಗಾಂಶವನ್ನು ತೆಳುವಾಗಿ ಕತ್ತರಿಸಿ ಗಾಜಿನ ಮೇಲೆ ಕೂರಿಸುವ ಕೆಲಸ ನಮ್ಮಲ್ಲಿ ಒಬ್ಬ ಹಿರಿಯ ತಂತ್ರಜ್ಞರದ್ದು. ಐರ್ಲೆಂಡಿನವರು, ಕಡಿಮೆ ಮಾತಿನ ಮನುಷ್ಯ. ನಾನು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಅವರಿಗೆ ಅರ್ಥವಾಯಿತು. ಕತ್ತರಿಸುವ ಯಂತ್ರ ಆರಿಸಿ, "ನಿನಗೆ ಬೇಕಾದವರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಕೂತುಕೊಂಡು, ಹೆಸರು, ಊರು ಬಿಟ್ಟು, ಉಳಿದದ್ದನ್ನು ಹೇಳಿದೆ. ಹನ್ನೊಂದನೆಯ ವಯಸ್ಸಿನಿಂದ ಹೊತ್ತ ಹಸಿವು, ಬೀಗ, ಪಾದ್ರಿಗಳು, ಎಲ್ಲ. ಮುಗಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು.

"ಕೊನೆಗಾದರೂ ಆಕೆಗೆ ಹೊಟ್ಟೆ ತುಂಬಿತೇ?"

"ತುಂಬಿತು," ಅಂದೆ. "ಕೆಲವು ವರ್ಷ."

ಅವರು ತಲೆಯಾಡಿಸಿ, ಹೊಸ ಕೈಗವಸು ತೊಟ್ಟುಕೊಂಡು, ಬಹಳ ನಿಧಾನವಾಗಿ ಕೆಲಸ ಶುರು ಮಾಡಿದರು.